ಹತ್ತು ಮತ್ತು ಹನ್ನೆರಡರ ನಡುವೆ

ಮುಂಬಯಿ ಕನ್ನಡದ ಚರಿತ್ರೆಯು ಬಹುಮಟ್ಟಿಗೆ ಊರಿನಲ್ಲಿ ಶಾಲೆ ಮುಗಿಸಿ ಬಂದವರ ಚರಿತ್ರೆ. ಹನೇಹಳ್ಳಿಯ ಯಶವಂತ ಚಿತ್ತಾಲರು ವೃತ್ತಿಯಿಂದ ಪ್ಲಾಸ್ಟಿಕ್ ತಂತ್ರಜ್ಞಾನದ ತಜ್ಞರು. ಗೋಕರ್ಣದ ಜಯಂತ ಕಾಯ್ಕಿಣಿಯವರು ಜೀವರಸಾಯನಶಾಸ್ತ್ರವನ್ನು ಓದಿ ಇಲ್ಲಿನ ಔಷಧ ಉದ್ಯಮದಲ್ಲಿ ದುಡಿದವರು. ವಿಜ್ಞಾನವಾಗಲಿ ಇಂಗ್ಲಿಷಾಗಲಿ ಅವರ ಕನ್ನಡವನ್ನು ಕದಲಿಸಲಿಲ್ಲ. ಪ್ರೌಢಶಾಲೆಯ ವರ್ಷಗಳನ್ನು ಕರಾವಳಿಯಲ್ಲೇ ಕಳೆದು, ಭಾಷೆ ಒಳಗೆ ಬೇರೂರಿದ ಮೇಲೆ ಅವರು ಈ ನಗರಕ್ಕೆ ಬಂದಿದ್ದರು.

ಶಾಲೆ ಮುಗಿಸದೆ ಬಂದ ಹುಡುಗರೂ ಇದ್ದರು. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮುಗಿಸಿದವರು ಇವರು. ರಾತ್ರಿಶಾಲೆಯ ಅಧ್ಯಾಪಕನ ಕೆಲಸ ಪಾಠ ಹೇಳುವುದಕ್ಕೆ ಸೀಮಿತವಾಗಿರಲಿಲ್ಲ. ಹುಡುಗನನ್ನು ಸಂಜೆ ಬೇಗ ಬಿಡುವಂತೆ ಹೋಟೆಲಿನ ಧಣಿಗಳಿಗೆ ಹೇಳುವುದು, ಪರೀಕ್ಷೆಯ ಅರ್ಜಿ ತುಂಬಿಸುವುದು, ನಪಾಸಾದವನನ್ನು ಮತ್ತೆ ಕರೆತಂದು ಕೂರಿಸುವುದು ಎಲ್ಲವೂ ಅವನ ಪಾಲಿಗೇ ಬರುತ್ತಿದ್ದವು. ಆ ಶಾಲೆಗಳಲ್ಲಿ ಅನೇಕವು ಇಂದು ಮುಚ್ಚಿವೆ. ಅವು ಮಾಡುತ್ತಿದ್ದ ಕೆಲಸವನ್ನು ಯಾರೂ ವಹಿಸಿಕೊಂಡಿಲ್ಲವೆಂಬುದೇ ಇಲ್ಲಿ ವಿಚಾರ ಮಾಡಬೇಕಾದ ಸಂಗತಿ.

ಈ ಮಾತಿಗೆ ಬೇಲಾಪುರ ಒಳ್ಳೆಯ ನಿದರ್ಶನ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ, ಖಾರಿಯ ಆಚೆಯ ಹಳ್ಳಿಗಳು ಸೆಕ್ಟರುಗಳಾದವು. 1992ರಲ್ಲಿ ರೈಲು ಖಾರಿಯನ್ನು ದಾಟಿ ವಾಶಿಗೆ ಬಂದಿತು. ಹೊಸ ನಗರಕ್ಕೆ ಎರಡು ಬಗೆಯ ಕನ್ನಡ ಮನೆಗಳು ಬಂದವು. ಬ್ಯಾಂಕು, ಕಛೇರಿ, ಹೋಟೆಲು ಉದ್ಯಮಗಳ ಕರಾವಳಿ ಮನೆಗಳು ಒಂದು ಬಗೆಯವು. ಕಲಬುರಗಿ, ವಿಜಯಪುರ ಕಡೆಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಮನೆಗಳು ಇನ್ನೊಂದು ಬಗೆಯವು. ಮೊದಲನೆಯ ಮನೆಯ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೂ, ಎರಡನೆಯ ಮನೆಯವರು ಹೆಚ್ಚಾಗಿ ಮರಾಠಿ ಶಾಲೆಗೂ ಹೋಗುತ್ತಾರೆ. ಇವರೊಂದಿಗೆ ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳಲ್ಲಿ ಹತ್ತನೆಯದನ್ನು ಮುಗಿಸಿ ಬಂಧುಗಳ ಆಸರೆಯಲ್ಲಿ ಇಲ್ಲಿ ಓದಲು ಬರುವವರನ್ನೂ ಸೇರಿಸಬೇಕು. ಹಿಂದಿನವರು ಊರಿನಲ್ಲಿ ದಾಟಿದ ಹಾದಿಯನ್ನು ಇವರು ಇಲ್ಲಿಯೇ ದಾಟಬೇಕಾಗಿದೆ.

ಕನ್ನಡ ಮಾಧ್ಯಮದಿಂದ ಬಂದವನ ಕಷ್ಟ ಅತಿ ಸ್ಪಷ್ಟವಾದುದು. ಮುಂಬಯಿ, ಠಾಣೆಗಳಲ್ಲಿ ಕನ್ನಡ ಮಾಧ್ಯಮದ ಹಾದಿ ಹತ್ತನೆಯ ತರಗತಿಗೆ ಮುಗಿಯುತ್ತದೆ. ಹನ್ನೊಂದರ ವಿಜ್ಞಾನ ಇಂಗ್ಲಿಷಿನಲ್ಲಿದೆ. ದ್ಯುತಿಸಂಶ್ಲೇಷಣೆ, ವೇಗೋತ್ಕರ್ಷ, ವರ್ಗಸಮೀಕರಣಗಳನ್ನು ಚೆನ್ನಾಗಿ ತಿಳಿದ ಹುಡುಗಿ, ಅವುಗಳ ಇಂಗ್ಲಿಷ್ ಹೆಸರು ಕೇಳಿದಾಗ ಮೌನವಾಗುತ್ತಾಳೆ. ಅವಳಿಗೆ ವಿಷಯ ತಿಳಿಯದೆಂದು ಅಧ್ಯಾಪಕರು ಭಾವಿಸುತ್ತಾರೆ. ಕೆಲವು ವಾರಗಳಲ್ಲಿ ಅವಳೂ ಹಾಗೆಯೇ ಭಾವಿಸುತ್ತಾಳೆ. ಶಾಖೆ ಬದಲಿಸುವ, ಕಾಲೇಜು ಬಿಡುವ ಯೋಚನೆ ಹುಟ್ಟುವುದು ಅಲ್ಲಿಂದ. ಇನ್ನೂರು ಮುನ್ನೂರು ಪದಗಳ ಒಂದು ಕೈಪಿಡಿ, ಅದನ್ನು ಜೊತೆಗೆ ಕುಳಿತು ಓದಿಸುವ ಒಬ್ಬ ಹಿರಿಯ ವಿದ್ಯಾರ್ಥಿ, ಇವಿಷ್ಟು ಸಾಕಾಗಬಹುದಾದ ಕಡೆ ಒಂದು ಬದುಕಿನ ದಿಕ್ಕೇ ತಪ್ಪುತ್ತಿದೆ. ಮಾರ್ಚ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಹನ್ನೊಂದರ ತರಗತಿ ಆರಂಭವಾಗುವವರೆಗೆ ಮೂರು ತಿಂಗಳಷ್ಟು ಕಾಲ ಬಿಡುವಿರುತ್ತದೆ ಎಂಬುದನ್ನೂ ಗಮನಿಸಬೇಕು.

ಕನ್ನಡವನ್ನು ಭಾಷಾವಿಷಯವಾಗಿ ಮುಂದುವರಿಸಲು ಬಾಲಭಾರತಿಯ ಯುವಕಭಾರತಿ ಪಠ್ಯಗಳಿವೆ. ಆದರೆ ಬಹುಪಾಲು ಕಾಲೇಜುಗಳಲ್ಲಿ ಅದಕ್ಕೆ ತರಗತಿಯಿಲ್ಲ. ಎರಡನೆಯ ಭಾಷೆಯ ಬದಲಿಗೆ ಮಾಹಿತಿ ತಂತ್ರಜ್ಞಾನವನ್ನು ಆಯ್ದುಕೊಳ್ಳಲು ಅವಕಾಶವಿರುವುದರಿಂದ, ಅಂಕಗಳ ಲೆಕ್ಕ ಹಾಕುವ ಮನೆಗಳು ಯಾವುದನ್ನು ಆರಿಸುತ್ತವೆಂದು ಹೇಳಬೇಕಾಗಿಲ್ಲ. ಎಂ.ಎ. ತರಗತಿಯ ಬಾಗಿಲಲ್ಲಿ ವಿದ್ಯಾರ್ಥಿಗಳಿಗಾಗಿ ಕಾಯುವ ಕನ್ನಡ ವಿಭಾಗಗಳು ತಮ್ಮ ವಿದ್ಯಾರ್ಥಿಯನ್ನು ಕಳೆದುಕೊಳ್ಳುವುದು ಇಪ್ಪತ್ತೊಂದರ ವಯಸ್ಸಿನಲ್ಲಲ್ಲ, ಹದಿನಾರರಲ್ಲಿ.

ಕಟ್ಟಡ ಕಾರ್ಮಿಕರ ಮಕ್ಕಳ ಸ್ಥಿತಿ ಇನ್ನೂ ಬಿಗಿಯಾದುದು. 2009ರ ಶಿಕ್ಷಣ ಹಕ್ಕು ಕಾಯಿದೆಯ ಹೊಣೆ ಹದಿನಾಲ್ಕನೆಯ ವಯಸ್ಸಿಗೆ ಮುಗಿಯುತ್ತದೆ. ಕಷ್ಟ ಶುರುವಾಗುವುದು ಅದರ ನಂತರ. ಹನ್ನೊಂದರ ಪ್ರವೇಶ ಮುಂಬಯಿ ಪ್ರದೇಶದಲ್ಲಿ 2009ರಿಂದ ಆನ್‌ಲೈನ್ ಆಗಿದೆ. ಕಾಲೇಜುಗಳ ಆದ್ಯತಾಕ್ರಮ, ದಾಖಲೆಗಳು, ಸುತ್ತುಗಳು ಎಲ್ಲವನ್ನೂ ಅಕ್ಷರ ಬಾರದ ತಂದೆತಾಯಿಗಳ ಮಕ್ಕಳು ತಾವೇ ನಿಭಾಯಿಸಬೇಕು. ಜಾತಿ ಪ್ರಮಾಣಪತ್ರದ ತೊಡಕು ಇನ್ನೂ ದೊಡ್ಡದು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು. ಮಹಾರಾಷ್ಟ್ರದಲ್ಲಿ ಬಂಜಾರರು ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ. ಊರಿನಿಂದ ತಂದ ಪತ್ರ ಇಲ್ಲಿನ ಮೀಸಲಾತಿಗೆ ಸಲ್ಲುವುದಿಲ್ಲವೆಂಬುದು ಅನೇಕರಿಗೆ ತಿಳಿಯುವುದು ಪ್ರವೇಶದ ದಿನವೇ. ಒಂಬತ್ತನೆಯ ತರಗತಿಯಲ್ಲೇ ಇದನ್ನು ಹೇಳುವವರಿದ್ದರೆ ಬೇರೆ ದಾರಿ ಹುಡುಕಲು ಎರಡು ವರ್ಷ ಸಿಗುತ್ತಿತ್ತು.

ನಮ್ಮ ಸಂಘಸಂಸ್ಥೆಗಳು ಪ್ರತಿವರ್ಷವೂ ಪ್ರತಿಭಾ ಪುರಸ್ಕಾರ ನಡೆಸುತ್ತವೆ. ಶೇಕಡಾ 90 ಪಡೆದವರಿಗೆ ಶಾಲು, ಫಲಕ, ಛಾಯಾಚಿತ್ರ. ಅದನ್ನು ಹೀಗಳೆಯಬೇಕಾಗಿಲ್ಲ, ಮಕ್ಕಳಿಗೆ ಸಂತೋಷವಾಗುತ್ತದೆ, ದಾನಿಗಳಿಗೂ ಆಗುತ್ತದೆ. ಆದರೆ ಶೇಕಡಾ 48 ಪಡೆದವನ ಮನೆಗೆ ಆ ದಿನ ಯಾರೂ ಹೋಗುವುದಿಲ್ಲ. ಅದೇ ಹಣದ ಅರ್ಧವನ್ನು ಫಲಿತಾಂಶಕ್ಕೆ ಮೊದಲಿನ ಎರಡು ವರ್ಷಗಳಿಗೆ ತಿರುಗಿಸಿದರೆ ಸಂಘಗಳ ಸಭಾಗೃಹಗಳು ವಾರದ ಸಂಜೆಗಳಲ್ಲಿ ಅಧ್ಯಯನ ಕೊಠಡಿಗಳಾಗಬಹುದು.

ಇದು ವಿಶ್ವವಿದ್ಯಾಲಯದ ಕೆಲಸವಲ್ಲವೆಂದು ಹೇಳುವವರಿದ್ದಾರೆ. ಪಾರಿಭಾಷಿಕ ಪದಗಳ ಸಂಗ್ರಹವೂ ದ್ವಿಭಾಷಿಕ ಕಲಿಕೆಯ ಅಧ್ಯಯನವೂ ಯಾರ ಕೆಲಸವೆಂದು ಅವರು ಹೇಳಬೇಕು. ವಲಸೆ ಸಾಹಿತ್ಯದ ಮೇಲೆ ಮತ್ತೊಂದು ಪ್ರಬಂಧ ಬರೆಯುವ ಸಂಶೋಧಕನು ಒಂದು ಬೇಸಿಗೆಯಲ್ಲಿ ಬೇಲಾಪುರದ ಹತ್ತು ಮಕ್ಕಳೊಡನೆ ವಿಜ್ಞಾನದ ಪಠ್ಯವನ್ನು ಎರಡು ಭಾಷೆಗಳಲ್ಲಿ ಓದಿದರೆ, ಅವನ ಪ್ರಬಂಧಕ್ಕೂ ಅದು ನಷ್ಟವಾಗಲಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷಗಳನ್ನು ಒಂದೇ ಘಟ್ಟವೆಂದು ಕರೆದಿದೆ. ಕಾಗದದ ಮೇಲೆ ಕೂಡಿಸಿದ ಆ ವರ್ಷಗಳ ನಡುವೆ, ಹತ್ತನೆಯ ತರಗತಿಯ ಬಳಿಕ ಶಾಲೆ, ಮಾಧ್ಯಮ, ಗೆಳೆಯರು ಎಲ್ಲವೂ ಒಮ್ಮೆಗೇ ಬದಲಾಗುವುದು ಇನ್ನೂ ನಿಂತಿಲ್ಲ. ಕೈಪಿಡಿಯ ಕೆಲಸವನ್ನು ಬರುವ ಮಾರ್ಚ್‌ಗೆ ಮೊದಲೇ ಆರಂಭಿಸಬಹುದು. ಅದಕ್ಕೆ ಯಾವ ಅನುದಾನದ ಮಂಜೂರಾತಿಯೂ ಬೇಕಾಗಿಲ್ಲ.