ಸೈಕಲ್ ಸಿಕ್ಕಿತು, ನ್ಯಾಯ ಸಿಕ್ಕಿತೇ?

ಬೆಳಿಗ್ಗೆ ಮನೆಮನೆಗೆ ಪೇಪರ್ ಹಾಕಿ ಕಾಲೇಜಿಗೆ ಹೋಗುವವನು ನಾನು. ಕಳೆದ ವರ್ಷ ಶ್ರೀಗಂಧದ ಕಾವಲ್‌ನ ನಮ್ಮ ಬೀದಿಯಲ್ಲಿ, ಗೇಟಿನ ಹೊರಗೆ ನಿಲ್ಲಿಸಿದ್ದ ನನ್ನ ಸೈಕಲ್ ಕಳುವಾಯಿತು. ಸೆಕೆಂಡ್ ಹ್ಯಾಂಡ್, ಬೆಲೆ ಮೂರು ಸಾವಿರ. ಐದನೇ ದಿನ ಅಕ್ಕಪಕ್ಕದವರು ಸೈಕಲ್ ಸಮೇತ ಹುಡುಗನೊಬ್ಬನನ್ನು ಹಿಡಿದರು. ಹೆಚ್ಚುಕಡಿಮೆ ನನ್ನದೇ ವಯಸ್ಸು. ‘ಕೇಸ್ ಹಾಕಿ’ ಎಂದರು ಕೆಲವರು. ಉಳಿದವರು ನಾಲ್ಕು ಏಟು ಕೊಟ್ಟು ಓಡಿಸಿದರು. ನಿನಗೇನು ಬೇಕು ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಕೋರ್ಟಿಗೆ ಹೋಗಿದ್ದರೂ ಹೆಚ್ಚೇನೂ ಕೇಳುತ್ತಿರಲಿಲ್ಲ. ಅಪರಾಧವೆಂದರೆ ಇಡೀ ಸಮಾಜದ ವಿರುದ್ಧದ ತಪ್ಪು ಎನ್ನುವುದು ಕ್ರಿಮಿನಲ್ ಕಾನೂನಿನ ತಳಹದಿ. ಹಾಗಾಗಿ ಮೊಕದ್ದಮೆ ನಡೆಸುವುದು ಸರ್ಕಾರ. ನೊಂದವರು ಬಹುಮಟ್ಟಿಗೆ ಸಾಕ್ಷಿಗಳಷ್ಟೇ. ರೆಸ್ಟೋರೇಟಿವ್ ಜಸ್ಟಿಸ್, ಅಂದರೆ ಸರಿಪಡಿಸುವ ನ್ಯಾಯ, ಬೇರೆ ಪ್ರಶ್ನೆ ಕೇಳುತ್ತದೆ: ನೊಂದವರು ಯಾರು? ಅವರಿಗೇನು ಬೇಕು? ಸರಿಪಡಿಸುವ ಹೊಣೆ ಯಾರದು? 1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ 22 ಕಡೆ ಆಸ್ತಿ ಹಾಳುಮಾಡಿದ್ದ ಇಬ್ಬರು ಯುವಕರು, ಕೋರ್ಟಿನ ಒಪ್ಪಿಗೆಯಂತೆ, ನಷ್ಟವಾದವರ ಮನೆಬಾಗಿಲಿಗೆ ಹೋಗಿ ಮಾತನಾಡಿ ಪರಿಹಾರ ಕೊಟ್ಟರು.

ನಮ್ಮಲ್ಲೂ ಒಂದು ಬಾಗಿಲು ತೆರೆದಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ, ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ತಪ್ಪಿತಸ್ಥನಾದವನು ಅದನ್ನು ಹಿಂದಿರುಗಿಸಿದರೆ ಶಿಕ್ಷೆ ಜೈಲಲ್ಲ, ಸಮುದಾಯ ಸೇವೆ. ಇದು ಒಳ್ಳೆಯ ಹೆಜ್ಜೆ. ಆದರೆ ಪಾರ್ಕ್ ಗುಡಿಸಿದವನು ಸೈಕಲ್ ಕಳೆದುಕೊಂಡವನ ಮುಖ ನೋಡಬೇಕಿಲ್ಲ. ಸಣ್ಣ ಕಳವಿನಲ್ಲಿ ಮಾಲೀಕ ರಾಜಿಯಾಗಲು ಕಾನೂನು ಬಿಡುತ್ತದೆ. ಇಬ್ಬರನ್ನೂ ಎದುರುಬದುರು ಕೂರಿಸುವ ವ್ಯವಸ್ಥೆ ಅದರಲ್ಲಿಲ್ಲ.

‘ಇದು ಹಳೇ ರಾಜಿ ಪಂಚಾಯಿತಿಯೇ ಅಲ್ಲವೇ?’ ಎನ್ನಬಹುದು. ಅಲ್ಲ. ಅಲ್ಲಿ ಬಲಾಢ್ಯರು ಬಾಯಿ ಮುಚ್ಚಿಸುವುದುಂಟು. ಇಲ್ಲಿ ನೊಂದವರು ಮನಸಾರೆ ಒಪ್ಪಿದರೆ ಮಾತ್ರ ಮಾತುಕತೆ. ಕೊಲೆ, ಅತ್ಯಾಚಾರದಂಥ ಪ್ರಕರಣಗಳನ್ನು ರಾಜಿಯಾಯಿತೆಂದು ರದ್ದುಪಡಿಸಲಾಗದು ಎಂದು 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಾನು ಹೇಳುತ್ತಿರುವುದು ಸಣ್ಣ ತಪ್ಪು, ಮೊದಲ ತಪ್ಪಿನ ಬಗ್ಗೆ.

ನನಗೆ ಬೇಕಿದ್ದದ್ದು ಎರಡೇ: ನಡೆದುಕೊಂಡು ಹೋಗಿ ತಡವಾಗಿದ್ದಕ್ಕೆ ಕಡಿತವಾದ ನಾಲ್ಕು ದಿನದ ಸಂಬಳ, ಮತ್ತು ‘ಯಾಕೆ ಕದ್ದೆ?’ ಎಂಬುದಕ್ಕೆ ಉತ್ತರ. ಕೇಸಾಗಿದ್ದರೆ ನಾಳೆ ಅವನ ಪೊಲೀಸ್ ವೆರಿಫಿಕೇಷನ್‌ನಲ್ಲಿ ಅದೇ ಅಡ್ಡ ಬರುತ್ತಿತ್ತು. ಏಟು ತಿಂದದ್ದರಿಂದ ಅವನೇನು ಕಲಿತನೋ ಗೊತ್ತಿಲ್ಲ. ಈಗಲೂ ಬಸ್ ಸ್ಟಾಪಿನಲ್ಲಿ ಕಂಡರೆ ಅವನು ಮುಖ ತಿರುಗಿಸುತ್ತಾನೆ, ನಾನೂ.