ಬೇಸಿಗೆಯ ತಾಪ ಮತ್ತು ನೆಲಮಟ್ಟದ ಓಝೋನ್: ಒಂದು ಅವಲೋಕನ

ನಗರಗಳ ವಾಯುಮಾಲಿನ್ಯವು ಚಳಿಗಾಲದ ಸಮಸ್ಯೆಯೆಂಬ ಭಾವನೆ ಸಾರ್ವಜನಿಕರಲ್ಲಿ ಬೇರೂರಿದೆ. ಧೂಳು ಮತ್ತು ಹೊಗೆಯ ಮಟ್ಟಿಗೆ ಇದು ಬಹುತೇಕ ನಿಜ. ಬೇಸಿಗೆಯಲ್ಲಿ ಕಾದ ಗಾಳಿ ಮೇಲೇರುವುದರಿಂದ ಕಣಗಳು ಚದುರಿ ಆಕಾಶ ತಿಳಿಯಾಗಿ ಕಾಣುತ್ತದೆ. ಆದರೆ ಆ ತಿಳಿಯಾದ ಮಧ್ಯಾಹ್ನದಲ್ಲಿಯೇ ಕಣ್ಣಿಗೆ ಕಾಣದ ಓಝೋನ್ ಅನಿಲ ಹೆಚ್ಚುತ್ತದೆ.

ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್ 28ರಂದು 38.5 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಯಿತು. ತಂಪಿಗೆ ಹೆಸರಾದ ಈ ನಗರದ ಮಟ್ಟಿಗೆ ಇವು ಅಸಾಮಾನ್ಯ ಅಂಕಿಗಳು.

ಎತ್ತರದ ವಾಯುಮಂಡಲದಲ್ಲಿ ರಕ್ಷಾಕವಚವಾಗಿರುವ ಓಝೋನ್, ನೆಲಮಟ್ಟದಲ್ಲಿ ಶ್ವಾಸಕೋಶಕ್ಕೆ ಹಾನಿಕರ. ಇದು ಯಾವ ವಾಹನದ ಕೊಳವೆಯಿಂದಲೂ ನೇರವಾಗಿ ಹೊರಬರುವುದಿಲ್ಲ. ವಾಹನ ಹಾಗೂ ಜನರೇಟರುಗಳ ನೈಟ್ರೋಜನ್ ಆಕ್ಸೈಡುಗಳು ಮತ್ತು ಪೆಟ್ರೋಲ್, ಬಣ್ಣ, ದ್ರಾವಕಗಳ ಆವಿ ಬಿಸಿಲಿನಲ್ಲಿ ವರ್ತಿಸಿದಾಗ ಉಂಟಾಗುತ್ತದೆ. ತಾಪ ಏರಿದಂತೆ ಈ ಕ್ರಿಯೆ ಚುರುಕಾಗುತ್ತದೆ, ಇಂಧನವೂ ಹೆಚ್ಚು ಆವಿಯಾಗುತ್ತದೆ. ಕೆಲವು ಜಾತಿಯ ಮರಗಳು ಸಹ ಸೆಕೆಯಲ್ಲಿ ಐಸೋಪ್ರೀನ್ ಎಂಬ ಆವಿಯನ್ನು ಹೆಚ್ಚಾಗಿ ಹೊರಸೂಸುತ್ತವೆ. (ಇದು ಮರ ಕಡಿಯಲು ಕಾರಣವಾಗದು; ನೆರಳು ನೀಡುವ ತಂಪಿನ ಪ್ರಯೋಜನ ದೊಡ್ಡದು.)

ಓಝೋನ್ ಹಂಚಿಕೆಯಲ್ಲಿ ಒಂದು ವಿಚಿತ್ರವಿದೆ. ವಾಹನದಟ್ಟಣೆಯ ವೃತ್ತಗಳಲ್ಲಿ ಹೊಸದಾಗಿ ಹೊರಬಿದ್ದ ನೈಟ್ರಿಕ್ ಆಕ್ಸೈಡ್ ಓಝೋನನ್ನು ಕರಗಿಸುವುದರಿಂದ ಅಲ್ಲಿ ಅದರ ಪ್ರಮಾಣ ಕಡಿಮೆ ಇರುತ್ತದೆ. ಗಾಳಿ ಬೀಸುವ ದಿಕ್ಕಿನ ಹೊರವಲಯದ ಬಡಾವಣೆ, ಉದ್ಯಾನಗಳಲ್ಲಿ ಹೆಚ್ಚಿರಬಹುದು. 2020ರ ಲಾಕ್‌ಡೌನ್ ಅವಧಿಯಲ್ಲಿ ದೇಶದ ಹಲವು ನಗರಗಳಲ್ಲಿ ಸಂಚಾರ ನಿಂತು ನೈಟ್ರೋಜನ್ ಡೈಆಕ್ಸೈಡ್ ಇಳಿದರೂ ಓಝೋನ್ ಏರಿದ್ದು ಇದೇ ಕಾರಣದಿಂದ. ಆದುದರಿಂದ ಮುಖ್ಯರಸ್ತೆಯ ಬದಿಯ ಮಾಪನವೊಂದನ್ನೇ ನೋಡಿ ಇಡೀ ನಗರದ ಸ್ಥಿತಿಯನ್ನು ನಿರ್ಣಯಿಸುವುದು ಸರಿಯಲ್ಲ. ವಾಹನದ ಹೊಗೆಯೊಂದಿಗೆ ಇಂಧನದ ಆವಿಯನ್ನೂ ತಡೆದಾಗ ಮಾತ್ರ ಫಲ ದೊರೆಯುತ್ತದೆ. ಪೆಟ್ರೋಲ್ ಬಂಕುಗಳಲ್ಲಿ ಆವಿ ಹಿಡಿದಿಡುವ ಸಾಧನಗಳಿಗೆ ಮಹತ್ವ ಬರುವುದು ಇಲ್ಲಿ.

2009ರ ರಾಷ್ಟ್ರೀಯ ಮಾನದಂಡದಂತೆ ಓಝೋನ್ ಮಿತಿ 8 ಗಂಟೆಗಳ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ, 1 ಗಂಟೆಗೆ 180 ಮೈಕ್ರೋಗ್ರಾಂ. ಆದರೆ 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮವು ಗುರಿಯಾಗಿಸಿಕೊಂಡಿರುವುದು ಧೂಳಿನ ಕಣಗಳನ್ನು. ರಾಜ್ಯದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ ಇದರ ವ್ಯಾಪ್ತಿಯಲ್ಲಿವೆ. ಧೂಳಿನ ಲೆಕ್ಕ ಸರಿಹೋದ ಮಾತ್ರಕ್ಕೆ ಬೇಸಿಗೆಯ ಗಾಳಿ ಶುದ್ಧವಾಯಿತೆಂದು ಭಾವಿಸಲಾಗದು. ತಾಪ ಏರುತ್ತಿರುವ ಈ ದಿನಗಳಲ್ಲಿ ಓಝೋನಿಗೂ ಪ್ರತ್ಯೇಕ ಗುರಿ ಅವಶ್ಯ.

ವಾಯು ಗುಣಮಟ್ಟ ಸೂಚ್ಯಂಕವನ್ನು ನೋಡುವವರು ಅಂಕಿಯ ಜೊತೆಗೆ ಅಂದಿನ ಪ್ರಧಾನ ಮಾಲಿನ್ಯಕಾರಕ ಯಾವುದೆಂಬುದನ್ನೂ ಗಮನಿಸುವುದು ಸೂಕ್ತ. ಓಝೋನ್ ಅನಿಲವಾದ್ದರಿಂದ ಧೂಳು ತಡೆಯುವ ಸಾಮಾನ್ಯ ಮುಖಗವಸು ಅದನ್ನು ತಡೆಯದು. ಬಿಸಿಲೇರಿದ ದಿನಗಳಲ್ಲಿ ಉಬ್ಬಸವುಳ್ಳವರು, ವೃದ್ಧರು ಮತ್ತು ಮಕ್ಕಳು ಮಧ್ಯಾಹ್ನ 12ರಿಂದ ಸಂಜೆ 5ರವರೆಗೆ ಹೊರಾಂಗಣದ ಶ್ರಮವನ್ನು ತಪ್ಪಿಸಬೇಕು. ಶಾಲೆಗಳು ಆಟದ ಅವಧಿಯನ್ನು ಬೆಳಗಿನ ಹೊತ್ತಿಗೆ ಬದಲಾಯಿಸಬಹುದು. ಕಟ್ಟಡ ಕಾರ್ಮಿಕರು, ಬೀದಿ ವ್ಯಾಪಾರಿಗಳು ಮತ್ತು ಸಂಚಾರ ಪೊಲೀಸರಿಗೆ ಆ ಆಯ್ಕೆ ಇಲ್ಲವಾದ್ದರಿಂದ, ಅವರ ಕೆಲಸದ ವೇಳೆಯನ್ನು ಹೊಂದಿಸುವ ಹೊಣೆ ಕೆಲಸ ನೀಡುವವರದು.