ಮಾರ್ಚ್ 20ರ ರಾತ್ರಿ ಎಚ್ಚರವಿದ್ದವರು

1977ರ ಮಾರ್ಚ್ 20ರ ರಾತ್ರಿಯನ್ನು ಎಚ್ಚರವಿದ್ದು ಕಳೆದ ತರುಣರು ಇಂದು ಎಪ್ಪತ್ತರ ಆಚೀಚೆಯ ಹಿರಿಯರು. ಗಿರಣಿಯಿಂದ ನಿವೃತ್ತರಾಗಿ, ಅಂಗಡಿಯ ಬೀಗದಕೈಯನ್ನು ಮಗನಿಗೆ ಒಪ್ಪಿಸಿ, ಸಂಜೆ ಕಟ್ಟೆಯ ಮೇಲೆ ಕುಳಿತು ಅವರು ಆ ರಾತ್ರಿಯ ಕಥೆ ಹೇಳುತ್ತಾರೆ. ಕೇಳುವ ಮೊಮ್ಮಕ್ಕಳಿಗೆ ಅದೊಂದು ರಾಜರಾಣಿಯರ ಕಥೆಯಾಗಿಬಿಟ್ಟಿದೆ: ಒಬ್ಬಳು ಮಹಾರಾಣಿ ಇದ್ದಳಂತೆ, ಒಂದೇ ರಾತ್ರಿಯಲ್ಲಿ ಬಿದ್ದಳಂತೆ. ಇಷ್ಟೇ ಉಳಿದರೆ ಸಾಲದೆಂದು ನಾವು ಹೇಳಬಯಸುತ್ತೇವೆ.

ಆಗ ಓಟಿನ ವಯಸ್ಸು 21. ಅದು 18ಕ್ಕೆ ಇಳಿದದ್ದು 1989ರಲ್ಲಿ. 1971ರಲ್ಲಿ ಆರಿಸಿಬಂದ ಲೋಕಸಭೆಯ ಅವಧಿ 1976ರ ಮಾರ್ಚಿಗೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. 1975ರ ಜೂನ್ 25ರ ರಾತ್ರಿ ಸಾರಿದ ತುರ್ತುಪರಿಸ್ಥಿತಿಯ ಬಲದಿಂದ ಅದನ್ನು ಹಿಗ್ಗಿಸಲಾಯಿತು. ಕೈಗೆ ಬಂದ ಓಟನ್ನು ಚಲಾಯಿಸಲಾಗದೆ ಒಂದು ವರ್ಷ ಕಾದವರು ಈ ತರುಣರು.

ಆ ಕಾಲದಲ್ಲಿ ನಡೆದದ್ದೇನು? ಮೀಸಾ ಶಾಸನ ಮತ್ತು ಭಾರತ ರಕ್ಷಣಾ ನಿಯಮಗಳ ಕೆಳಗೆ ಲಕ್ಷಕ್ಕೂ ಮಿಕ್ಕಿ ಜನ ಸೆರೆಮನೆ ಸೇರಿದರು. ಪತ್ರಿಕೆಗಳಿಗೆ ಸೆನ್ಸಾರು ಬಂತು. ಕಾರ್ಮಿಕನ ಕನಿಷ್ಠ ಬೋನಸ್ಸು ಶೇಕಡಾ 8.33ರಿಂದ 4ಕ್ಕೆ ಇಳಿಯಿತು. 1975ರ ಸೆಪ್ಟೆಂಬರಿನ ಒಂದು ಸುಗ್ರೀವಾಜ್ಞೆ ಸಾಕಾಯಿತು. ಅಂಗಡಿಯವನು ಬೆಲೆಪಟ್ಟಿ ತೂಗುಹಾಕಿ ಇನ್ಸ್‌ಪೆಕ್ಟರರ ಹಾದಿ ಕಾಯಬೇಕಾಯಿತು. ಬೆಲೆಪಟ್ಟಿ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಅದನ್ನು ನೋಡಲು ಬಂದವನನ್ನು ಎದುರು ಪ್ರಶ್ನಿಸುವ ಧೈರ್ಯ ಯಾರಿಗಿತ್ತು?

ಇಂಥ ಕಾಲ ಕಳೆದು ಬಂದ ರಾತ್ರಿ ಅದು. ಸುದ್ದಿ ತಿಳಿಯಲು ಜನಸಾಮಾನ್ಯನಿಗಿದ್ದ ದಾರಿ ಆಕಾಶವಾಣಿ. ಅದು ಸರ್ಕಾರದ ಸ್ವತ್ತು. ಒಂದು ಟ್ರಾನ್ಸಿಸ್ಟರಿನ ಸುತ್ತ ಇಡೀ ಓಣಿ ಕೂತಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಮೊದಮೊದಲು ದಕ್ಷಿಣದ ಕಾಂಗ್ರೆಸ್ ಗೆಲುವುಗಳೇ ಕೇಳಿಬಂದವೆಂದೂ, ರಾಯಬರೇಲಿಯ ಸುದ್ದಿ ಏಕೆ ಬರುತ್ತಿಲ್ಲವೆಂಬುದೇ ತಮಗೆ ಸುದ್ದಿಯಾಯಿತೆಂದೂ ಹೇಳುವವರಿದ್ದಾರೆ. ಸರ್ಕಾರ ಹೇಳದೆ ಬಿಟ್ಟದ್ದನ್ನು ಓದಿಕೊಳ್ಳುವ ವಿದ್ಯೆಯನ್ನು 21 ತಿಂಗಳಲ್ಲಿ ಜನ ಕಲಿತುಬಿಟ್ಟಿದ್ದರು.

ದಿಲ್ಲಿಯ ಬಹಾದೂರ್ ಶಾ ಜಫರ್ ಮಾರ್ಗದಲ್ಲಿ ಪತ್ರಿಕಾ ಕಚೇರಿಗಳೆದುರು ಜನ ನೆರೆದು ಫಲಿತಾಂಶದ ಹಲಗೆಗಳನ್ನು ನೋಡುತ್ತಿದ್ದರು. ತುರ್ತುಪರಿಸ್ಥಿತಿಯ ಮೊದಲ ರಾತ್ರಿ ಪತ್ರಿಕೆ ಅಚ್ಚಾಗದಂತೆ ವಿದ್ಯುತ್ತನ್ನು ಕಡಿದದ್ದು ಅದೇ ಬೀದಿಯಲ್ಲಿ. ಕೊನೆಗೆ ಸುದ್ದಿ ಬಂತು. ರಾಯಬರೇಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರನ್ನು ಸಮಾಜವಾದಿ ರಾಜನಾರಾಯಣರು 55,202 ಮತಗಳಿಂದ ಸೋಲಿಸಿದ್ದರು. ಉತ್ತರ ಪ್ರದೇಶದ 85, ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ಮುಜಫರ್‌ಪುರದಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಸೆರೆಮನೆಯಲ್ಲಿದ್ದುಕೊಂಡೇ ಗೆದ್ದರು. ಮಾರ್ಚ್ 21ರಂದು ತುರ್ತುಪರಿಸ್ಥಿತಿ ರದ್ದಾಯಿತು. ಆಗ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ನಮ್ಮ ಜಮಖಂಡಿ ಸೀಮೆಯ ಬಿ. ಡಿ. ಜತ್ತಿಯವರು.

ಇನ್ನು ನಮ್ಮ ಮನೆಯ ಮಾತು. ಇಂದು ಯಾರನ್ನು ಕೇಳಿದರೂ ತಾವು ಅಂದು ಸರ್ವಾಧಿಕಾರದ ವಿರುದ್ಧವೇ ಓಟು ಹಾಕಿದೆವೆನ್ನುತ್ತಾರೆ. ಹಾಗಿದ್ದರೆ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದದ್ದು ಹೇಗೆ? ಜನತಾ ಪಕ್ಷಕ್ಕೆ ಸಿಕ್ಕಿದ್ದು ಬೆಂಗಳೂರು ದಕ್ಷಿಣ ಮತ್ತು ಹಾಸನ ಮಾತ್ರ. ಮರುವರ್ಷ, 1978ರ ನವೆಂಬರಿನಲ್ಲಿ, ರಾಯಬರೇಲಿಯಲ್ಲಿ ಸೋತವರನ್ನು ಲೋಕಸಭೆಗೆ ಮರಳಿ ಕಳಿಸಿದ್ದೂ ನಮ್ಮ ಚಿಕ್ಕಮಗಳೂರೇ.

ಇದರಲ್ಲಿ ನಾಚಿಕೊಳ್ಳುವಂಥದು ಏನೂ ಇಲ್ಲ. 1974ರಲ್ಲಿ ಜಾರಿಗೆ ಬಂದ ದೇವರಾಜ ಅರಸರ ಭೂಸುಧಾರಣೆಯಿಂದ ಉಳುವ ಭೂಮಿ ತನ್ನದಾಗುವುದನ್ನು ಕಂಡ ಗೇಣಿದಾರನ ಮಗ ಹಸು-ಕರುವಿನ ಗುರುತಿಗೆ ಮುದ್ರೆ ಒತ್ತಿದ್ದರೆ ಅವನನ್ನು ಗುಲಾಮನೆನ್ನಲು ನಾವು ಸಿದ್ಧರಿಲ್ಲ. ಒತ್ತಾಯದ ಸಂತಾನಹರಣ ಶಸ್ತ್ರಚಿಕಿತ್ಸೆ ಉತ್ತರದ ಹಳ್ಳಿಗಳನ್ನು ಕಾಡಿದಷ್ಟು ನಮ್ಮ ಹಳ್ಳಿಗಳನ್ನು ಕಾಡಿರಲಿಲ್ಲ. ಆದರೆ ಅದೇ ನಾಡಿನ ಬೆಂಗಳೂರು ಸೆರೆಮನೆಯಲ್ಲಿ ಮಧು ದಂಡವತೆ, ವಾಜಪೇಯಿ, ಅಡ್ವಾಣಿ ಬಂದಿಗಳಾಗಿದ್ದರು. ಅಲ್ಲಿಯೇ ಆಸ್ತಮಾದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿಯವರು ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು. ಭೂಮಿ ಕೊಟ್ಟ ಕೈ ಮತ್ತು ಬೀಗ ಹಾಕಿದ ಕೈ ಒಂದೇ ಪಕ್ಷದ್ದಾಗಿದ್ದಾಗ ಇಪ್ಪತ್ತೆರಡರ ತರುಣ ಮತಪೆಟ್ಟಿಗೆಯ ಮುಂದೆ ನಿಂತು ಏನು ಲೆಕ್ಕ ಹಾಕಿದ? ನಾವು ತಿಳಿಯಬೇಕಾದದ್ದು ಇದನ್ನು. ಎಲ್ಲರೂ ಅಂದು ವೀರರಾಗಿದ್ದರೆಂದು ಹೇಳಿ ಮುಗಿಸಿದರೆ ಮೊಮ್ಮಕ್ಕಳಿಗೆ ಈ ಲೆಕ್ಕ ಸಿಕ್ಕುವುದೇ ಇಲ್ಲ. ಅಂಥದೇ ಕಠಿಣವಾದ ಇಬ್ಬಂದಿ ಅವರ ಎದುರಿಗೂ ಬಂದಾಗ ಹಿರಿಯರ ಅನುಭವ ಅವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಆದ್ದರಿಂದ ನಮ್ಮ ಓದುಗರಲ್ಲಿ ಒಂದು ಕೋರಿಕೆ. 1977ರಲ್ಲಿ ಲೋಕಸಭೆಗೆ ಮೊದಲ ಓಟು ಹಾಕಿದವರು ಆ ರಾತ್ರಿ ಎಲ್ಲಿದ್ದರು, ಯಾರ ರೇಡಿಯೋ ಕೇಳಿದರು, ಬೆಳಗಿನ ಪಾಳಿಗೆ ಹೋದಾಗ ಗಿರಣಿಯ ಬಾಗಿಲಲ್ಲಿ ಏನು ಮಾತು ನಡೆದಿತ್ತು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಲಿ. ಬರೆಯಲು ಬಾರದವರು ಮೊಮ್ಮಕ್ಕಳಿಂದ ಬರೆಸಲಿ. ಬಂದದ್ದನ್ನು ಬಂದ ಹಾಗೆಯೇ ಅಚ್ಚು ಹಾಕುತ್ತೇವೆ. ಯಾರಿಗೆ ಓಟು ಹಾಕಿದಿರೆಂದು ತಿಳಿಸಲೇಬೇಕೆಂಬ ಕಡ್ಡಾಯವಿಲ್ಲ. ತಿಳಿಸುವುದಾದರೆ ನಿಜವನ್ನೇ ತಿಳಿಸಿ.